ನೀಲಗಿರಿ ಎಣ್ಣೆಯ ಬಳಕೆ: ತಿಳಿದವರ ಸಹಾಯ ಬೇಕು

ದಾವಣಗೆರೆಯ ಎಲ್ಲ ಸದಸ್ಯರಿಗೆ ನಮಸ್ಕಾರ. ಮಂಡಕ್ಕಿ ಭಟ್ಟಿಗಳಿಗೆ ಹತ್ತಿರವಿರುವ ನಮ್ಮ ಮನೆಯಲ್ಲಿ 68 ವರ್ಷದ ಅತ್ತೆಯವರಿಗೆ ಆರು ದಿನಗಳಿಂದ ನೆಗಡಿ, ಕೆಮ್ಮು ಮತ್ತು ಮೂಗು ಕಟ್ಟುವಿಕೆ ಇದೆ. ಇದು ವೈರಸ್‌ನಿಂದ ಬಂದದ್ದು, ಆಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ.

ಅತ್ತೆಯವರು ರಾತ್ರಿ ಕಂಬಳಿ ಹೊದ್ದು, ಕುದಿಯುವ ನೀರಿಗೆ ನೀಲಗಿರಿ ಎಣ್ಣೆಯನ್ನು ಬಾಟಲಿಯಿಂದಲೇ ಸುರಿದು ಆವಿ ತೆಗೆದುಕೊಳ್ಳುತ್ತಾರೆ. ಮೊನ್ನೆ ಒಂದೂವರೆ ವರ್ಷದ ನನ್ನ ಮಗ ತಪ್ಪುಹೆಜ್ಜೆ ಇಡುತ್ತಾ ಬಂದು ಆ ಪಾತ್ರೆಯ ಅಂಚಿಗೆ ಕೈ ಚಾಚಿದ್ದನ್ನು ಕಂಡು ನನ್ನ ಎದೆ ಝಲ್ಲೆಂದಿತು. ಈ ಎಣ್ಣೆಯಲ್ಲಿರುವ ಸಿನಿಯೋಲ್ ಎಂಬ ಘಾಟಿನ ಅಂಶವಾಗಲಿ, ಪುದೀನಾ ಎಣ್ಣೆಯ ಮೆಂಥಾಲ್ ಆಗಲಿ ಉಸಿರಾಟ ಹಗುರವಾದಂತೆ ಅನ್ನಿಸಿದರೂ ಸೋಂಕನ್ನು ಗುಣಪಡಿಸುವುದಿಲ್ಲ ಎಂಬುದು ನನಗೆ ಗೊತ್ತು. ನೀಲಗಿರಿ ಎಣ್ಣೆ ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದಾದ್ದರಿಂದ ಬಾಟಲಿಯನ್ನು ಈಗ ಅಟ್ಟದ ಮೇಲಿಟ್ಟಿದ್ದೇನೆ. ಕರ್ಪೂರದ ಮುಲಾಮನ್ನೂ 2 ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು.

ಅತ್ತೆಯವರಿಗೆ ಹಳೆಯ ಉಬ್ಬಸವಿದೆ. ಉಬ್ಬಸವಿದ್ದವರಿಗೆ ಇಂತಹ ಘಾಟಿನಿಂದ ಕೆಮ್ಮು ಹೆಚ್ಚಾದದ್ದನ್ನು ನಿಮ್ಮ ಮನೆಗಳಲ್ಲಿ ಕಂಡಿದ್ದೀರಾ? ಕರವಸ್ತ್ರಕ್ಕೆ ಒಂದೆರಡು ಹನಿ ಹಾಕಿ, ಮಗುವಿಲ್ಲದ ಕೋಣೆಯಲ್ಲಿ ಮೂಸಿದರೆ ಸಾಕಾಗುತ್ತದೆಯೇ, ಅಥವಾ ಎಣ್ಣೆಯಿಲ್ಲದ ಬರೀ ಬಿಸಿನೀರಿನ ಸ್ನಾನವೇ ಮೇಲೇ? ಐವತ್ತು ವರ್ಷಗಳ ರೂಢಿಯನ್ನು ಬಿಡಿಸುವಾಗ ಹಿರಿಯರ ಮನಸ್ಸು ನೋಯದಂತೆ ಹೇಗೆ ಹೇಳಿದಿರಿ ಎಂಬುದನ್ನೂ ದಯವಿಟ್ಟು ತಿಳಿಸಿ. ಸದಸ್ಯರಲ್ಲಿ ವೈದ್ಯರೋ ಔಷಧಿ ಅಂಗಡಿಯವರೋ ಇದ್ದರೆ ಅವರ ಮಾತು ನಮಗೆ ಬಹಳ ಮುಖ್ಯ.