ಪದಬಂಧ ತುಂಬುತ್ತದೆ, ಥೀಮ್ ಮಾತ್ರ ಹೊಳೆಯುವುದಿಲ್ಲ. ನೀವು ಹೇಗೆ ಬಿಡಿಸುತ್ತೀರಿ?

ದಿನಾ ನ್ಯೂಯಾರ್ಕ್ ಟೈಮ್ಸ್ ಪದಬಂಧ ಬಿಡಿಸುತ್ತೇನೆ. ಸೋಮವಾರ, ಮಂಗಳವಾರದ್ದು ಹೇಗೋ ಮುಗಿಯುತ್ತದೆ. ಆದರೆ ಮನೆಗಳೆಲ್ಲ ತುಂಬಿದ ಮೇಲೂ ಇವತ್ತಿನ ಥೀಮ್, ಅಂದರೆ ಉದ್ದದ ಉತ್ತರಗಳನ್ನು ಒಂದಕ್ಕೊಂದು ಜೋಡಿಸುವ ನಂಟು, ಏನಿತ್ತು ಅಂತ ಗೊತ್ತಾಗುವುದಿಲ್ಲ. ಗುರುವಾರವಂತೂ ಅರ್ಧಕ್ಕೇ ನಿಲ್ಲುತ್ತದೆ. ಅನುಭವ ಇರುವವರು ಹೇಳಿ.

*

ಮೊದಲು ಉದ್ದದ ಉತ್ತರಗಳನ್ನು ಗುರುತು ಮಾಡಿಕೊಳ್ಳಿ. ವಾರದ ದಿನಗಳಲ್ಲಿ ಸಾಮಾನ್ಯವಾಗಿ 15ಕ್ಕೆ 15 ಮನೆ. ಹಾಳೆಯನ್ನು ತಲೆಕೆಳಗು ಹಿಡಿದರೂ ಕಪ್ಪು ಮನೆಗಳು ಅದೇ ಜಾಗಕ್ಕೆ ಬರುತ್ತವೆ. ಹಾಗಾಗಿ ಥೀಮ್ ಉತ್ತರಗಳೂ ಜೋಡಿಯಾಗಿ ಕೂರುತ್ತವೆ. ಮೇಲಿನಿಂದ ಮೂರನೇ ಸಾಲಿನಲ್ಲಿ ಒಂದಿದ್ದರೆ, ಕೆಳಗಿನಿಂದ ಮೂರನೇ ಸಾಲಿನಲ್ಲಿ ಅಷ್ಟೇ ಉದ್ದದ ಇನ್ನೊಂದು.

ಆಮೇಲೆ ಕೆಳಭಾಗದ ಸುಳಿವುಗಳನ್ನು ಓದಿ. ಬೇರೆ ಉತ್ತರಗಳಿಗೆಲ್ಲ ಏನು ನಂಟು ಎಂದು ಹೇಳುವ ಸುಳಿವು ಎಷ್ಟೋ ಸಲ ಅಲ್ಲೇ ಇರುತ್ತದೆ. ಅದಕ್ಕೆ ರಿವೀಲರ್ ಅಂತಾರೆ. ನಾನು ಅದನ್ನು ಬೇಕಂತಲೇ ಕೊನೆಗೆ ಇಡುತ್ತೇನೆ, ಊಹಿಸುವುದರಲ್ಲಿ ಮಜಾ ಜಾಸ್ತಿ. ನೀವು ಸದ್ಯಕ್ಕೆ ಮೊದಲೇ ನೋಡಿ, ಯಾರೂ ಕೇಳುವುದಿಲ್ಲ!

*

ಶುಕ್ರವಾರ, ಶನಿವಾರ ಥೀಮ್ ಹುಡುಕುತ್ತಾ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯವಾಗಿ ಇರುವುದೇ ಇಲ್ಲ. ಭಾನುವಾರದ್ದು ದೊಡ್ಡದು, ಅದಕ್ಕೆ ತಲೆಬರಹ ಇರುತ್ತದೆ. ಅರ್ಧ ಗುಟ್ಟು ಅಲ್ಲೇ.

*

ಗುರುವಾರದ ಬಗ್ಗೆ ನಾನು ಹೇಳುತ್ತೇನೆ. ಉತ್ತರ ಖಂಡಿತ ಸರಿ, ಆದರೆ ಮನೆ ಸಾಲುತ್ತಿಲ್ಲ ಅನ್ನಿಸಿದರೆ ಆ ಉತ್ತರವನ್ನು ಬಿಟ್ಟುಕೊಡಬೇಡಿ. ಒಂದೇ ಮನೆಯಲ್ಲಿ ಎರಡು ಮೂರು ಅಕ್ಷರ ತುರುಕಿರಬಹುದು. ಅದೇ ರೀಬಸ್. ಕೆಲವು ಸಲ ಉತ್ತರ ಮಧ್ಯದಲ್ಲೇ ತಿರುಗುತ್ತದೆ, ಇಲ್ಲವೇ ಕಪ್ಪು ಮನೆಯನ್ನು ಹಾರಿ ಆಚೆ ಮುಂದುವರಿಯುತ್ತದೆ. ಎಲ್ಲಿ ಸಿಕ್ಕಿಬೀಳುತ್ತೀರೋ ಥೀಮ್ ಅಲ್ಲೇ ಇದೆ ಅಂದುಕೊಳ್ಳಿ. ಇನ್ನು, ಸುಳಿವಿನ ಕೊನೆಗೆ ಪ್ರಶ್ನೆ ಚಿಹ್ನೆ ಇದ್ದರೆ ನೇರ ಅರ್ಥ ಬಿಡಿ, ಅದು ಶ್ಲೇಷೆ.

*

ಮೇಲಿನವರು ಬಿಡಿಸುವಾಗ ಏನು ಮಾಡಬೇಕು ಅಂತ ಹೇಳಿದರು. ನನ್ನ ಪ್ರಕಾರ ಥೀಮ್ ಹೊಳೆಯುವ ಕಣ್ಣು ಬರುವುದು ಬಿಡಿಸಿದ ಮೇಲೆ. ಕೊನೆಯ ಅಕ್ಷರ ಹಾಕಿದ ಕೂಡಲೇ ಮುಚ್ಚಿಬಿಡುತ್ತೀರಿ, ಅಲ್ವಾ? ಥೀಮ್ ಉತ್ತರಗಳನ್ನಷ್ಟೇ ಒಂದರ ಕೆಳಗೆ ಒಂದು ಬರೆಯಿರಿ. ಇವೇ ಯಾಕೆ, ಇದೇ ಸಾಲಿಗೆ ಇನ್ನೊಂದನ್ನು ಸೇರಿಸಬಹುದಿತ್ತಾ ಅಂತ ಯೋಚಿಸಿ. ಒಳ್ಳೆಯ ಥೀಮ್ ಆದರೆ ಇನ್ನೊಂದು ಸಿಗುವುದು ಕಷ್ಟ.

1996ರ ನವೆಂಬರ್ 5ರದ್ದನ್ನು ನೋಡಿ. ಅಂದು ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ. ಪದಬಂಧ ಕಟ್ಟಿದ್ದು ಜೆರಮಾಯ ಫ್ಯಾರೆಲ್ ಎಂಬ ಗಣಿತದ ಪ್ರಾಧ್ಯಾಪಕರು. ನಾಳಿನ ಪತ್ರಿಕೆಯ ಮುಖ್ಯ ಸುದ್ದಿ ಏನು ಅನ್ನುವುದು ಸುಳಿವು. ಕ್ಲಿಂಟನ್ ಗೆದ್ದರು ಅಂದರೂ ಕೂರುತ್ತದೆ, ಬಾಬ್ ಡೋಲ್ ಗೆದ್ದರು ಅಂದರೂ ಕೂರುತ್ತದೆ. ಇಂಗ್ಲಿಷಿನಲ್ಲಿ ಎರಡು ಹೆಸರಿಗೂ ಏಳೇ ಅಕ್ಷರ. ಅವನ್ನು ಅಡ್ಡ ಹಾಯುವ ಏಳು ಸುಳಿವಿಗೂ ಎರಡೆರಡು ಉತ್ತರ! ಹ್ಯಾಲೋವೀನ್‌ನ ಕಪ್ಪು ಪ್ರಾಣಿ ಅಂದರೆ ಕ್ಯಾಟ್ ಕೂಡ ಸರಿ, ಬ್ಯಾಟ್ ಕೂಡ ಸರಿ. ಪತ್ರಿಕೆ ಫಲಿತಾಂಶವನ್ನು ಮೊದಲೇ ಹೇಳಿಬಿಟ್ಟಿತು ಎಂದು ಓದುಗರು ಫೋನ್ ಮಾಡಿ ಜಗಳ ತೆಗೆದರಂತೆ. ತಮ್ಮ ಉತ್ತರದ ಪಕ್ಕದಲ್ಲೇ ಇನ್ನೊಂದು ಉತ್ತರ ಇದೆ ಅಂತ ಅವರು ನೋಡಿರಲೇ ಇಲ್ಲ.

*

ಎಲ್ಲ ಥೀಮೂ ಅಷ್ಟು ಚೆನ್ನಾಗಿರುವುದಿಲ್ಲ ಬಿಡಿ. ನಾಲ್ಕು ಉತ್ತರದಲ್ಲಿ ನಾಲ್ಕು ಬಣ್ಣದ ಹೆಸರು ಅಡಗಿಸಿ ಕೈತೊಳೆದುಕೊಂಡವೂ ಇವೆ. ಅಂಥದ್ದು ಹೊಳೆಯದಿದ್ದರೆ ನಷ್ಟವೇನಿಲ್ಲ, ಮರುದಿನದ್ದಕ್ಕೆ ಹೋಗಿ.