ಪೇಟೆಯೊಳಗಿನ ಮನೆ, ಹಿತ್ತಲ ಬಾವಿ ಕೆಟ್ಟಿದೆ. ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಇದನ್ನು ಯಾರು ನೋಡಬೇಕು?

ಬಾವಿಕಟ್ಟೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರ ಪೇಟೆಯೊಳಗಿನ ಹಳೇ ಮನೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಹಿತ್ತಲಲ್ಲಿ ಅಜ್ಜ ತೋಡಿಸಿದ ಬಾವಿ. ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗೂ ಹೀಗೆ ಒಂದೊಂದು ಬಾವಿ ಇದೆ. ಕುಡಿಯುವುದಕ್ಕೆ, ಅಡುಗೆಗೆ, ದೇವರಿಗೆ ಎಲ್ಲಕ್ಕೂ ಅದೇ ನೀರು.

ಮೂರು ವರ್ಷದ ಹಿಂದೆ ನಮ್ಮ ಹಿಂದಿನ ಮನೆ ಮಾರಾಟವಾಯಿತು. ಐದು ಜನ ಇದ್ದ ಮನೆ. ಕೆಡವಿ ಮಹಡಿ ಮೇಲೆ ಮಹಡಿ ಕಟ್ಟಿದರು. ಕೆಳಗೆ ಅಂಗಡಿ, ಮೇಲೆಲ್ಲ ಬಾಡಿಗೆ ರೂಮು. ಈಗ ಅಲ್ಲಿ ನಲವತ್ತು ಜನವಾದರೂ ಇದ್ದಾರೆ. ನಮ್ಮ ಓಣಿಗೆ ಒಳಚರಂಡಿ ಇನ್ನೂ ಬಂದಿಲ್ಲ, ಹಾಗಾಗಿ ಅಷ್ಟೂ ಜನರ ಕೊಳೆನೀರು ಪಾಗಾರದ ಆಚೆ ಇರುವ ಒಂದು ಇಂಗುಗುಂಡಿಗೆ ಹೋಗುತ್ತದೆ. ಆ ಗುಂಡಿಯಿಂದ ನಮ್ಮ ಬಾವಿಗೆ ಎಷ್ಟು ದೂರ ಅಂತ ನಾನೇ ಟೇಪು ಹಿಡಿದು ಅಳೆದೆ. 22 ಅಡಿ.

ಮೊದಲ ಮಳೆಗಾಲದಲ್ಲಿ ನೀರು ಸ್ವಲ್ಪ ವಾಸನೆ ಬಂತು. ಎಲೆ ಬಿದ್ದು ಕೊಳೆತಿರಬೇಕು ಅಂದುಕೊಂಡು ಬಾವಿ ಬಳಿಸಿದೆವು. ಎರಡನೇ ಮಳೆಗಾಲಕ್ಕೆ ಆಯಿ ಹೊಟ್ಟೆ ಕೆಟ್ಟು ನಾಲ್ಕು ದಿನ ಮಲಗಿದಳು. ಅವಳಿಗೆ 78 ವರ್ಷ. ಆಮೇಲೆ ನೀರು ತಪಾಸಣೆ ಮಾಡಿಸಿದರೆ ಇ. ಕೋಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಇದೆ ಅಂತ ಬಂತು. ಆವತ್ತಿನಿಂದ ಬಾವಿ ನೀರು ಕುಡಿಯುವುದು ನಿಲ್ಲಿಸಿದ್ದೇವೆ. ಆಯಿ ಮಾತ್ರ ಈಗಲೂ ಬೆಳಿಗ್ಗೆ ಎದ್ದ ಕೂಡಲೆ ಬಾವಿಕಟ್ಟೆಗೇ ಹೋಗುತ್ತಾಳೆ. ಕೊಡಪಾನ ಇಳಿಸಿ, ನೀರು ಸೇದಿ, ಮೂಸಿ ನೋಡಿ, ಒಂದು ಮಾತೂ ಆಡದೆ ಗಿಡಕ್ಕೆ ಹಾಕಿ ಬರುತ್ತಾಳೆ. ಅದನ್ನು ನೋಡುವುದು ನನಗೆ ತುಂಬ ಕಷ್ಟವಾಗುತ್ತದೆ.

ಅರ್ಜಿ ಹಿಡಿದು ಒಂದು ಕಚೇರಿಗೆ ಎರಡು ಸಲ ಹೋದೆ. "ನಲ್ಲಿ ನೀರು ಬರ್ತದಲ್ಲ, ಅದನ್ನೇ ಬಳಸಿ" ಅಂದರು. ನಲ್ಲಿ ನೀರು ಬರುವುದು ಗಂಗಾವಳಿಯಿಂದ, ಅಂಕೋಲಾ ಕಡೆಯ ಹೊನ್ನಳ್ಳಿಯಿಂದ. ಮೇ ತಿಂಗಳಲ್ಲಿ ಹೊಳೆ ಇಳಿದರೆ ನಲ್ಲಿಯೂ ಇಳಿಯುತ್ತದೆ. ಆ ದಿನಗಳಲ್ಲಿ ನಮ್ಮ ಓಣಿಯನ್ನು ಇಷ್ಟು ವರ್ಷ ಕಾದದ್ದು ಬಾವಿಗಳೇ ಅಲ್ವಾ?

ನನ್ನ ಪ್ರಶ್ನೆ ಇಷ್ಟೇ. ಪರವಾನಗಿ ಕೊಡುವಾಗ ರಸ್ತೆ ಅಗಲ ಎಷ್ಟು, ಪಾರ್ಕಿಂಗ್ ಎಲ್ಲಿ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡುವ ಜಾಗ) ಎಷ್ಟು ಅಂತ ಕೇಳುತ್ತಾರೆ. ಕೊಳೆನೀರು ಎಲ್ಲಿಗೆ ಹೋಗುತ್ತದೆ, ಪಕ್ಕದವರ ಬಾವಿ ಎಷ್ಟು ಹತ್ತಿರ ಇದೆ ಅಂತ ಜಾಗಕ್ಕೇ ಬಂದು ನೋಡಿ ಅಂತ ನಾವು ನಗರಸಭೆಯನ್ನು ಕೇಳಬಹುದಾ? ಹೇಗೆ ಕೇಳಬೇಕು? ತಮ್ಮ ಹೇಳುತ್ತಾನೆ, ಇದನ್ನು ಮಾರಿ ಶಿರವಾಡ ಕಡೆ ಸೈಟ್ ತಗೊಳ್ಳೋಣ ಅಂತ. ನನಗೆ ಮನಸ್ಸಿಲ್ಲ.

ಗಾರೆಕೆಲಸ:

ಅಕ್ಕ, ನಾನು ಸಿವಿಲ್ ಎಂಜಿನಿಯರ್, ಇಪ್ಪತ್ತು ವರ್ಷದಿಂದ ಕರಾವಳಿಯಲ್ಲೇ ಮನೆ ಕಟ್ಟಿಸುತ್ತಿದ್ದೇನೆ. 22 ಅಡಿ ಅಂದ ಕೂಡಲೆ ಬೇಜಾರಾಯಿತು.

ಭಾರತೀಯ ಮಾನಕ ಐಎಸ್ 2470 ಇದಕ್ಕೇ ಇರುವುದು. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ನಡುವೆ ಕನಿಷ್ಠ 18 ಮೀಟರ್ ಇರಬೇಕು ಅನ್ನುತ್ತದೆ ಅದು, ಅಂದರೆ ಹತ್ತಿರಹತ್ತಿರ 60 ಅಡಿ. ಪೇಟೆಯಲ್ಲಿ ಎಷ್ಟೋ ಜಾಗದ ಅಗಲವೇ 30, 40 ಅಡಿ. ಹಾಗಾದರೆ ಅಜ್ಜಂದಿರ ಕಾಲದಲ್ಲಿ ಹೇಗೆ ನಡೆಯಿತು? ಮನೆಗೆ ಐದಾರು ಜನ, ಕೊಡದಲ್ಲಿ ಸೇದಿದಷ್ಟೇ ನೀರು, ಬಚ್ಚಲ ನೀರೆಲ್ಲ ತೆಂಗಿನ ಬುಡಕ್ಕೆ. ಈಗ ನಾವು ಲೆಕ್ಕ ಹಾಕುವುದು ಒಬ್ಬರಿಗೆ ದಿನಕ್ಕೆ 135 ಲೀಟರ್. 40 ಜನ ಅಂದರೆ 5,400 ಲೀಟರ್, ಅದರಲ್ಲಿ ನೂರಕ್ಕೆ 80 ಪಾಲು ಕೊಳೆನೀರಾಗಿ ವಾಪಸ್ ಬರುತ್ತದೆ. ದಿನಾ ನಾಲ್ಕು ಸಾವಿರ ಲೀಟರಿಗಿಂತ ಜಾಸ್ತಿ, ಒಂದೇ ಗುಂಡಿಗೆ.

ಮಳೆಗಾಲದಲ್ಲೇ ಯಾಕೆ ಕೆಡುತ್ತದೆ ಅಂದರೆ, ಇಂಗುಗುಂಡಿ ಕೆಲಸ ಮಾಡಬೇಕಾದರೆ ಅದರ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣಮಣ್ಣು ಬೇಕು. ಆ ಮಣ್ಣೇ ಸೋಸುವುದು. ನಮ್ಮಲ್ಲಿ ಜುಲೈ ಬಂತೆಂದರೆ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಆಗ ಗುಂಡಿ ಇರುವುದೇ ನೀರಿನೊಳಗೆ. ಸಮುದ್ರದ ಕಡೆಯ ಮರಳು ನೆಲದಲ್ಲಿ ನೀರು ಬೇಗ ಬೇರೆ ಹರಿಯುತ್ತದೆ. ಪಾಗಾರ ಮಣ್ಣಿನ ಮೇಲೆ ಮಾತ್ರ ಇರುವುದು, ಕೆಳಗೆ ನಿಮ್ಮ ನೀರು ಅವರ ನೀರು ಒಂದೇ.

ಇನ್ನೊಂದು ವಿಷಯ. ಸೆಪ್ಟಿಕ್ ಟ್ಯಾಂಕ್ ಇದೆ ಅಂದ ಮಾತ್ರಕ್ಕೆ ನೀರು ಶುದ್ಧ ಆಗುವುದಿಲ್ಲ. ಅದರಲ್ಲಿ ಗಟ್ಟಿ ಕೆಳಗೆ ಕೂರುತ್ತದೆ ಅಷ್ಟೇ, ಹೊರಗೆ ಬರುವ ನೀರಿನಲ್ಲಿ ರೋಗಾಣು ಹಾಗೇ ಇರುತ್ತವೆ. ನಕ್ಷೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಬರೆದು, ನೆಲದಲ್ಲಿ ತಳಕ್ಕೆ ಕಾಂಕ್ರೀಟೇ ಇಲ್ಲದ ಗುಂಡಿ ತೋಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಮೊದಲ ಕೆಲಸ, ಆ ಕಟ್ಟಡದ ಮಂಜೂರಾದ ನಕ್ಷೆಯ ಪ್ರತಿ ತರಿಸಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ, 150 ಪದ ಮೀರಬೇಡಿ, ಇಲ್ಲದಿದ್ದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. ನಕ್ಷೆಯಲ್ಲಿ ನಿಮ್ಮ ಬಾವಿ ತೋರಿಸಿದ್ದಾರಾ ಇಲ್ಲವಾ ಅನ್ನುವುದನ್ನು ಮೊದಲು ನೋಡಿ.

ಹಂಚಿನಮಾಡು:

ಬಾವಿಕಟ್ಟೆಯವರ ಕಷ್ಟ ಅರ್ಥವಾಗುತ್ತದೆ. ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು, ಯಾಕೆಂದರೆ ನಾನು ಹಾಗೆ ಹಳೇ ಮನೆ ಕೆಡವಿ ಕಟ್ಟಿಸಿದವನು.

ನಮ್ಮ ಮನೆಯಲ್ಲಿ ನಾಲ್ಕು ಪಾಲು ಇತ್ತು. ಅಣ್ಣಂದಿರು ಇಬ್ಬರು ಊರು ಬಿಟ್ಟಿದ್ದಾರೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸಬೇಕು, ಗೆದ್ದಲು ಹಿಡಿದ ಪಕಾಸಿ ಬದಲಿಸಬೇಕು. ಆ ಕೆಲಸ ಗೊತ್ತಿರುವವರು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ಒಂದು ಮಳೆಗಾಲ ರಾತ್ರಿಯಿಡೀ ಪಾತ್ರೆ ಇಟ್ಟುಕೊಂಡು ಕೂತಿದ್ದೇವೆ. ಬಾಡಿಗೆ ಬರುವಂಥದ್ದು ಕಟ್ಟದೆ ಬೇರೆ ದಾರಿ ಇರಲಿಲ್ಲ. ಕಚೇರಿ, ಕಾಲೇಜು, ಆಸ್ಪತ್ರೆ ಅಂತ ಜಿಲ್ಲೆಯ ಜನ ಕಾರವಾರಕ್ಕೇ ಬರಬೇಕು, ಅವರಿಗೂ ರೂಮು ಬೇಕಲ್ಲ.

ನನ್ನ ಹೆದರಿಕೆ ಏನೆಂದರೆ, 60 ಅಡಿ ಅಂತ ಕಟ್ಟುನಿಟ್ಟು ಮಾಡಿದರೆ ಒಳಚರಂಡಿ ಇಲ್ಲದ ಓಣಿಯಲ್ಲಿ ಯಾರೂ ಏನೂ ಕಟ್ಟುವಂತಿಲ್ಲ. ಆಗ ಹಳೇ ಮನೆಗಳು ಹಾಗೇ ಬಿದ್ದು ಹೋಗುತ್ತವೆ. ಈಗಾಗಲೇ ನಮ್ಮ ಓಣಿಯಲ್ಲಿ ಎರಡು ಮನೆಗೆ ಬೀಗ ಹಾಕಿ ಬಳ್ಳಿ ಹಬ್ಬಿದೆ. ಮೊದಲು ಪೈಪು ತರಲಿ, ಆಮೇಲೆ ನಿಯಮ ಹೇಳಲಿ.

ಗಾರೆಕೆಲಸ:

ಹಂಚಿನಮಾಡು ಅವರೇ, ನಿಮ್ಮ ಮಾತು ಸುಳ್ಳಲ್ಲ. ಆದರೆ ಪೈಪು ಬರುವ ತನಕ ಪಕ್ಕದ ಮನೆಯವರು ಕೊಳೆನೀರು ಕುಡಿಯಲಿ ಅನ್ನುವಂತಿಲ್ಲ ಅಲ್ವಾ? ಕಟ್ಟಲೇಬೇಡಿ ಅಂತ ನಾನು ಹೇಳುವುದಿಲ್ಲ. ಇಂಗಿಸಬೇಡಿ ಅಂತ ಹೇಳುತ್ತೇನೆ. ತಳ, ಗೋಡೆ ಎಲ್ಲ ಕಾಂಕ್ರೀಟಿನ, ಸೋರದ ಟ್ಯಾಂಕ್ ಮಾಡಿ ಹೀರುವ ಗಾಡಿ ಕರೆಸಿ ತೆಗೆಸಬಹುದು. ಜನ ಜಾಸ್ತಿ ಇದ್ದರೆ ಅದಕ್ಕೆ ಖರ್ಚು ಏರುತ್ತದೆ, ಆಗ ಚಿಕ್ಕ ಶುದ್ಧೀಕರಣ ಘಟಕವೇ ಮೇಲು. ಮೂರು ನಾಲ್ಕು ಕಟ್ಟಡದವರು ಸೇರಿ ಒಂದು ಮಾಡಿಕೊಂಡರೆ ಹೊರೆ ಹಂಚಿಹೋಗುತ್ತದೆ. ಜಾಗ ನಗರಸಭೆ ತೋರಿಸಲಿ. ಒಂದು ಓಣಿಯಲ್ಲಿ ಎಷ್ಟು ಮಹಡಿ ಅನ್ನುವುದನ್ನು ರಸ್ತೆ ಅಗಲ ನೋಡಿ ಮಾತ್ರ ಹೇಳಿದರೆ ಆಗುವುದಿಲ್ಲ, ನೆಲ ಎಷ್ಟು ತಡೆಯುತ್ತದೆ ಅಂತಲೂ ನೋಡಬೇಕು. ನಾನು ಇದನ್ನು ಮನೆ ಕಟ್ಟಿಸುವವರಿಗೆ ಹೇಳಿ ಕೆಲಸ ಕಳಕೊಂಡದ್ದೂ ಇದೆ.

ದಾದಿ:

ಅಕ್ಕ, ಆಯಿ ಈಗ ಹೇಗಿದ್ದಾರೆ?

ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು, ನಾಳೆಯಿಂದಲೇ ಮಾಡಬಹುದಾದ್ದು ಹೇಳುತ್ತೇನೆ. 100 ಮಿಲಿ ಲೀಟರ್ ನೀರಿನಲ್ಲಿ ಇ. ಕೋಲೈ ಒಂದೂ ಕಾಣಬಾರದು, ಕುಡಿಯುವ ನೀರಿಗೆ ಅದು ಮಾನಕ. ಮುಂದಿನ ಸಲ ತಪಾಸಣೆಗೆ ಕೊಡುವಾಗ ನೈಟ್ರೇಟ್ ಕೂಡ ನೋಡಿ ಅಂತ ಹೇಳಿ, ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಯಾಕೆ ಹೇಳುತ್ತೇನೆ ಅಂದರೆ ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಓಣಿಯಲ್ಲಿ ಬಾಟಲಿ ಹಾಲು ಕುಡಿಯುವ ಕೂಸು ಇರುವ ಮನೆಯವರಿಗೆ ಇದನ್ನು ತಪ್ಪದೆ ತಿಳಿಸಿ.

ಬ್ಲೀಚಿಂಗ್ ಪೌಡರ್ ಲೆಕ್ಕ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ನಿಮ್ಮ ಬಾವಿ ಎಂಟು ಅಡಿ ಅಗಲ ಇದ್ದು ಎರಡು ಮೀಟರ್ ನೀರಿದ್ದರೆ ಒಂಬತ್ತು ಸಾವಿರ ಲೀಟರ್ ಚಿಲ್ಲರೆ, 25 ಗ್ರಾಂ ಸಾಕು. ಪುಡಿಯನ್ನು ಹಾಗೇ ಸುರಿಯಬೇಡಿ. ಬಕೆಟಿನಲ್ಲಿ ಕಲಸಿ, ಸುಣ್ಣ ಕೂರಲು ಬಿಟ್ಟು, ಮೇಲಿನ ತಿಳಿನೀರನ್ನು ಮಾತ್ರ ಬಾವಿಗೆ ಇಳಿಸಿ. ಒಂದು ಗಂಟೆ ಸೇದಬೇಡಿ. ಹಳೇ ಪೊಟ್ಟಣದ ಪೌಡರಿಗೆ ಶಕ್ತಿ ಇರುವುದಿಲ್ಲ. ಆದರೆ ಆ ಕಡೆಯಿಂದ ದಿನಾ ಕೊಳೆ ಬರುತ್ತಿರುವಾಗ ಇದನ್ನೇ ನಂಬಬೇಡಿ. ಕುಡಿಯುವುದಕ್ಕೆ ಬೇರೆ ನೀರೇ ಇರಲಿ.

ಆ ಗುಂಡಿ ಖಾಲಿ ಮಾಡಿಸುತ್ತೇವೆ ಅಂತ ಪಕ್ಕದವರು ಹೇಳಿದರೆ ಗಾಡಿಯಿಂದಲೇ ಮಾಡಿಸಲಿ, ದಯವಿಟ್ಟು ಯಾರನ್ನೂ ಒಳಗೆ ಇಳಿಸುವುದು ಬೇಡ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಉಸಿರುಗಟ್ಟಿದವರನ್ನು ಆಸ್ಪತ್ರೆಗೆ ತಂದದ್ದು ನೋಡಿದ್ದೇನೆ.

ಕಾಳಿಯಾಚೆ:

ಮಾರಿ ಹೋಗುವ ವಿಷಯಕ್ಕೆ ಮಾತ್ರ ನನ್ನದೊಂದು ಮಾತು.

ನಾವು ಪೇಟೆ ಗಲಾಟೆ ಸಾಕಾಗಿ ಕಾಳಿ ನದಿಯಾಚೆ ಸದಾಶಿವಗಡ ಕಡೆ ಮನೆ ಮಾಡಿದೆವು. ಗಾಳಿ ಚೆನ್ನಾಗಿದೆ, ಅಂಗಳ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅಮ್ಮ ಆರು ತಿಂಗಳಲ್ಲಿ ಇಳಿದು ಹೋದರು. ಪೇಟೆಯಲ್ಲಿದ್ದಾಗ ಬೆಳಿಗ್ಗೆ ಮೀನು ಮಾರುಕಟ್ಟೆಗೆ ಅವರೇ ನಡೆದು ಹೋಗುತ್ತಿದ್ದರು. ಬಂಗಡೆ ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ, ದಾರಿಯಲ್ಲಿ ನಾಲ್ಕು ಮನೆಯ ಸುದ್ದಿ ಹೊತ್ತು ಬರುತ್ತಿದ್ದರು. ಇಲ್ಲಿ ಎಲ್ಲಕ್ಕೂ ರಿಕ್ಷಾ, ಎಲ್ಲಕ್ಕೂ ನನ್ನನ್ನು ಕಾಯಬೇಕು. 2024ರ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಆಮೇಲೆ ಹೋಗುವ ಬರುವ ಗಾಡಿ ಎಲ್ಲ ಒಂದೇ ಸೇತುವೆಗೆ ಬಿತ್ತು. ಆಗ ಅಮ್ಮ ಕೇಳಿದ್ದು, "ಆಸ್ಪತ್ರೆ ಆಚೆ ಉಳೀತಲ್ಲ, ನಂಗೆ ಏನಾದ್ರೂ ಆದ್ರೆ?" ಅಂತ.

ನಿಮ್ಮ ಆಯಿ 78ರಲ್ಲಿ ಹೊಸ ಓಣಿ ಕಲಿಯಬೇಕು ಅಂದರೆ ಕಷ್ಟ ಅಕ್ಕ. ಬಾವಿಗಾಗಿ ಜಗಳ ಆಡಿದರೂ ಪರವಾಗಿಲ್ಲ, ಅಲ್ಲೇ ಇರಿ.

ಪಿಕಳೆರಸ್ತೆ:

ಜಗಳಕ್ಕೆ ಮೊದಲು ಕಾನೂನು ತಿಳಿದಿರಲಿ. 1974ರ ಜಲ ಕಾಯ್ದೆಯ 24ನೇ ಕಲಂ ಇದೆ. ಗೊತ್ತಿದ್ದೂ ಬಾವಿಗೆ ಕೊಳೆ ಸೇರಲು ಬಿಡುವಂತಿಲ್ಲ. ಆ ದೂರು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಇನ್ನೊಂದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133 ಇತ್ತಲ್ಲ ಅದೇ. ಸಾರ್ವಜನಿಕರಿಗೆ ತೊಂದರೆ ಆಗುವುದನ್ನು ತೆಗೆಸಿ ಅಂತ ಉಪವಿಭಾಗಾಧಿಕಾರಿ ಆದೇಶ ಮಾಡಬಹುದು. ಅಲ್ಲಿ "ಸಾರ್ವಜನಿಕ" ಅನ್ನುವ ಮಾತು ಮುಖ್ಯ. ನಿಮ್ಮ ಒಬ್ಬರ ಬಾವಿ ಅಂದರೆ ಇಬ್ಬರ ವ್ಯಾಜ್ಯ, ಕೋರ್ಟಿಗೆ ಹೋಗಿ ಅನ್ನುತ್ತಾರೆ. ಓಣಿಯ ಐದಾರು ಬಾವಿಯ ವರದಿ ಒಟ್ಟಿಗೆ ಇಟ್ಟರೆ ಹಾಗೆ ಅನ್ನುವುದು ಸುಲಭವಲ್ಲ. ಬಾಯಲ್ಲಿ ಹೇಳಿ ಬರಬೇಡಿ. ಪೌರಾಯುಕ್ತರ ಹೆಸರಿಗೆ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಬಾವಿಕಟ್ಟೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ದಾದಿ ಅವರೇ, ಆಯಿ ಈಗ ಆರಾಮಿದ್ದಾಳೆ, ಊಟ ಸೇರುತ್ತದೆ.

ನಿನ್ನೆ ರಾತ್ರಿ ಇದನ್ನೆಲ್ಲ ತಮ್ಮನಿಗೆ ಓದಿ ಹೇಳಿದೆ. ಕಾಳಿಯಾಚೆಯವರ ಅಮ್ಮನ ಮಾತು ಕೇಳಿ ಸುಮ್ಮನಾದ. ಸದ್ಯಕ್ಕೆ ಸೈಟ್ ಮಾತು ಬೇಡ ಅಂದ. ಬೆಳಿಗ್ಗೆ ನಾನೇ ಆ ಹಿಂದಿನ ಕಟ್ಟಡದ ಯಜಮಾನರ ಹತ್ತಿರ ಹೋದೆ. ಕೂಗಾಡುವುದಕ್ಕಲ್ಲ, ವರದಿ ತೋರಿಸುವುದಕ್ಕೆ. ಅವರು ಮೊದಲು ಒಪ್ಪಲಿಲ್ಲ, ಹಳೇ ಬಾವಿ ಹಾಗೇ ಅಂದರು. ಅವರ ಜಾಗದಲ್ಲೂ ಒಂದು ಬಾವಿ ಇತ್ತಲ್ಲ, ಅದರ ನೀರು ಈಗ ನೀವು ಕುಡಿಯುತ್ತೀರಾ ಅಂತ ಕೇಳಿದೆ. ಅದನ್ನು ಮುಚ್ಚಿಸಿಬಿಟ್ಟೆವು ಅಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಎಂಜಿನಿಯರ್ ಒಬ್ಬರು ಬಂದು ನೋಡುವುದಾದರೆ ಗುಂಡಿಯ ಮುಚ್ಚಳ ತೆಗೆಸುತ್ತೇನೆ ಅಂತ ಕೊನೆಗೆ ಹೇಳಿದ್ದಾರೆ. ಗಾರೆಕೆಲಸದವರೇ, ನೀವು ಬರುತ್ತೀರಾ?

ಹಂಚಿನಮಾಡು ಅವರೇ, ನಿಮ್ಮನ್ನೂ ಕರೆಯುತ್ತಿದ್ದೇನೆ. ಕಟ್ಟಿಸಿದವರು ಒಬ್ಬರು ನಮ್ಮ ಜೊತೆ ಅರ್ಜಿಗೆ ಸಹಿ ಹಾಕಿದರೆ, ಪೈಪು ಬೇಗ ಕೊಡಿ ಅಂತ ಅದೇ ಅರ್ಜಿಯಲ್ಲಿ ಕೇಳಬಹುದು.

ಓಣಿಯ ಏಳು ಮನೆಯವರು ಬಾವಿ ತೋರಿಸಲು ಒಪ್ಪಿದ್ದಾರೆ. ಭಾನುವಾರ ಸಂಜೆ ನಾಲ್ಕು ಗಂಟೆಗೆ ಒಂದೊಂದೇ ಬಾವಿಯಿಂದ ಹತ್ತಿರದ ಗುಂಡಿಗೆ ಅಳೆದು, ದೊಡ್ಡ ಹಾಳೆಯಲ್ಲಿ ಓಣಿಯ ನಕ್ಷೆ ಬರೆಯುತ್ತೇವೆ. ನನ್ನ ಟೇಪು 50 ಅಡಿಯದ್ದು, ಉದ್ದದ್ದು ಇದ್ದವರು ತನ್ನಿ. ಚಹಾ ನಮ್ಮಲ್ಲೇ, ನಲ್ಲಿ ನೀರಿಂದ ಮಾಡುತ್ತೇನೆ.