ಅವರಿಗೇನು ಬಿಡಿ

ಗೆಳತಿಯ ಹೊಸ ಮನೆ ನೋಡಿ ಬಂದ ಮೇಲೆ ಎರಡು ದಿನ ಯಾರ ಜೊತೆಗೂ ಮಾತಾಡಲು ಮನಸ್ಸಾಗಲಿಲ್ಲ ಎಂದು ನಿನ್ನೆ ಬರೆದ ತಂಗಿಗೆ ಈ ಉತ್ತರ. ಅಷ್ಟಕ್ಕೇ ನೀವು ಕೆಟ್ಟವರಾಗಲಿಲ್ಲ. ಹೊರದೇಶಕ್ಕೆ ಬಂದು ಹದಿನಾರು ವರ್ಷವಾಯಿತು, ಆ ಉರಿ ನನಗೂ ಗೊತ್ತು.

ನಮಗೆ ಹೊಟ್ಟೆ ಉರಿಯುವುದು ಕೋಟ್ಯಧೀಶರನ್ನು ಕಂಡು ಅಲ್ಲ, ನಮ್ಮ ಹಾಗೇ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದವರನ್ನು ಕಂಡು. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಇದನ್ನು ಬರೆದಿದ್ದರು: ಬೇರೆ ಅಳತೆಗೋಲು ಸಿಗದಿದ್ದಾಗ ಮನುಷ್ಯ ತನ್ನಂಥವರ ಪಕ್ಕ ನಿಂತು ತನ್ನನ್ನು ಅಳೆದುಕೊಳ್ಳುತ್ತಾನೆ. ಇಲ್ಲಿ ನಮ್ಮಂಥವರು ಅಂತ ಇರುವುದೇ ಏಳೆಂಟು ಮನೆ. ಅವರ ವೀಸಾ ಮೊದಲು ಬಂತು, ಅವರ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಅವರ ಅತ್ತೆ ಬಂದು ಆರು ತಿಂಗಳು ಮಗು ನೋಡಿಕೊಂಡರು. ಮನೆ, ಕಾರಿಗಿಂತ ನನ್ನನ್ನು ಹೆಚ್ಚು ಸುಟ್ಟದ್ದು ಈ ಕೊನೆಯದೇ. ನನ್ನ ಎರಡನೆಯ ಮಗು ಹುಟ್ಟಿದಾಗ ನಮ್ಮ ಕಡೆಯಿಂದ ಯಾರಿಗೂ ಬರಲಾಗಿರಲಿಲ್ಲ.

ಆಗೆಲ್ಲ ಯಾರ ಮನೆಯಿಂದ ವಾಪಸ್ ಹೊರಟರೂ ಕಾರು ಹತ್ತಿದ ಕೂಡಲೇ ಯಜಮಾನರ ಹತ್ತಿರ "ಅವರಿಗೇನು ಬಿಡಿ" ಎಂದು ಶುರು ಮಾಡುತ್ತಿದ್ದೆ. ಹಿಂದಿನ ಸೀಟಿನಲ್ಲಿ ದೊಡ್ಡವನು ಕೂತಿದ್ದಾನೆ ಎನ್ನುವ ಎಚ್ಚರವೇ ಇರುತ್ತಿರಲಿಲ್ಲ. ಅವನಿಗೆ ಎಂಟು ವರ್ಷವಿದ್ದಾಗ ಶಾಲೆಯ ಈಜು ತಂಡಕ್ಕೆ ಅವನ ಗೆಳೆಯ ಆಯ್ಕೆಯಾದ, ಇವನಾಗಲಿಲ್ಲ. ಬಾಗಿಲ ಹತ್ತಿರ ಕೂತು ಶೂ ಲೇಸ್ ಬಿಚ್ಚುತ್ತಾ, ತಲೆ ಎತ್ತದೆ, "ಅವನಿಗೇನು ಬಿಡಮ್ಮ, ಅವರಪ್ಪ ದಿನಾ ಕರ್ಕೊಂಡು ಹೋಗ್ತಾರೆ" ಅಂದ. ಅದೇ ಮಾತು, ಅದೇ ರಾಗ. ನನ್ನ ಎದೆ ಧಸಕ್ಕೆಂದಿತು.

ಡಚ್ ಭಾಷೆಯಲ್ಲಿ ಅಸೂಯೆಗೆ ಎರಡು ಬೇರೆ ಪದಗಳಿವೆ. ಒಂದರಲ್ಲಿ ನಾನೂ ಅಲ್ಲಿಗೇರಬೇಕು ಎಂಬ ತುಡಿತ, ಇನ್ನೊಂದರಲ್ಲಿ ಅವರು ಕೆಳಗಿಳಿಯಲಿ ಎಂಬ ವಿಷ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಇವೆರಡನ್ನೂ ಬಿಡಿಸಿ ತೋರಿಸಿದರು. ಅವರ ಮುಂದಿನ ಅಧ್ಯಯನದ ಪ್ರಕಾರ, ಎದುರಿನವರಿಗೆ ಅರ್ಹತೆ ಇಲ್ಲದೆ ಸಿಕ್ಕಿತು ಎನಿಸಿದಾಗಲೇ ಎರಡನೆಯದು ಹುಟ್ಟುವುದು ಹೆಚ್ಚು. "ಅವರಿಗೇನು ಬಿಡಿ" ಎನ್ನುವಾಗ ನಾನು ಹೇಳುತ್ತಿದ್ದುದು ಅದನ್ನೇ ಅಲ್ಲವೇ? ಅವರದೇನೂ ಶ್ರಮವಿಲ್ಲ, ಸುಮ್ಮನೆ ಒದಗಿ ಬಂತು ಅಂತ.

ಹಾಗಾಗಿ ನಾನು ಮಾಡಿದ ಕೆಲಸ ಒಂದೇ. ಅತ್ತೆ ಬಂದಿದ್ದ ಆ ಗೆಳತಿಗೆ ಫೋನ್ ಮಾಡಿ, ಅದೆಲ್ಲ ಹೇಗೆ ಸಾಧ್ಯವಾಯಿತು ಎಂದು ಕೇಳಿದೆ. ಮೊದಲ ಸಲ ವೀಸಾ ಅರ್ಜಿ ತಿರಸ್ಕಾರವಾಗಿತ್ತಂತೆ. ಯಾವ ಪತ್ರ ಸಾಲಲಿಲ್ಲ, ಯಾವುದನ್ನು ಮತ್ತೆ ಬರೆಸಿದರು ಎಂದು ಒಂದು ಗಂಟೆ ವಿವರಿಸಿದಳು. ನಾನು ಒಂದು ಅರ್ಜಿಯನ್ನೂ ಹಾಕಿರಲಿಲ್ಲ. ಇನ್ನೊಂದು ಮಾತು. ಅವರಿಗೂ ಕಷ್ಟವಿದೆಯಂತೆ ಎಂದು ಕೇಳಿ ಸಮಾಧಾನಪಡಲು ಫೋನ್ ಮಾಡಬೇಡಿ, ಅದೂ ಹೊಟ್ಟೆಕಿಚ್ಚೇ.

ಎಲ್ಲವೂ ಶ್ರಮದಿಂದಲೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ನನ್ನ ಅಮ್ಮನ ಆರೋಗ್ಯಕ್ಕೆ ಅಷ್ಟು ದೂರದ ವಿಮಾನ ಪ್ರಯಾಣ ಆಗುವುದೇ ಇಲ್ಲ, ಯಾವ ಅರ್ಜಿಯಿಂದಲೂ ಅದು ಸರಿಹೋಗದು. ಅದಕ್ಕೆ ಕಣ್ಣೀರು ಹಾಕಿದೆ. ಆದರೆ ಅಮ್ಮ ದೂರವಿದ್ದಾಳೆ ಅಂತ ಕಣ್ಣೀರು ಹಾಕಿದೆ, ಇನ್ನೊಬ್ಬರ ಅತ್ತೆ ಬಂದರು ಅಂತ ಅಲ್ಲ. ಈ ವ್ಯತ್ಯಾಸ ತಿಳಿದ ದಿನ ಹೊಟ್ಟೆ ತಣ್ಣಗಾಯಿತು.

ಕಾರಿನ ಮಾತು ಬಿಡಲು ವರ್ಷವೇ ಹಿಡಿಯಿತು. ಬಾಯಿಗೆ ಬಂದದ್ದನ್ನು ನುಂಗಿ, "ಆ ಕಿಟಕಿ ನಂಗೆ ತುಂಬಾ ಇಷ್ಟ ಆಯ್ತು, ನಮ್ಮನೇಲೂ ಇರಬೇಕಿತ್ತು ಅನ್ನಿಸ್ತು" ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳುವುದನ್ನು ರೂಢಿಸಿಕೊಂಡೆ.

ಮುಂದಿನ ವರ್ಷವೂ ಮಗ ತಂಡಕ್ಕೆ ಆಯ್ಕೆಯಾಗಲಿಲ್ಲ. "ಅವನು ನಂಗಿಂತ ಜೋರಾಗಿ ಈಜ್ತಾನಮ್ಮ. ಆದ್ರೂ ಬೇಜಾರಾಗ್ತಿದೆ" ಅಂದ. ಆಗಲಿ ಕಂದ, ಬಾ ಎಂದು ಪಕ್ಕದಲ್ಲಿ ಕೂರಿಸಿಕೊಂಡೆ.